ನಿಮಗಿದು ಗೊತ್ತೇ? ಮಲಾಡ್‌ನಲ್ಲಿ ಕೆಟ್ಟು ನಿಂತ ಕಾರಿಗೂ ಬೆಲೆಯಿದೆ

ಮುಂಬಯಿಯ ಮಲಾಡ್‌ನ ಯಾವ ಸೊಸೈಟಿಗೆ ಹೋದರೂ ಟೈರ್ ಕುಸಿದು, ಕವರ್ ಹರಿದು ನಿಂತ ಕಾರೊಂದು ಪಾರ್ಕಿಂಗ್‌ನಲ್ಲಿ ಇದ್ದೇ ಇರುತ್ತದೆ. ರಿಪೇರಿಯ ಅಂದಾಜು ಕೇಳಿ ಮಾಲೀಕರು ಕೈಬಿಟ್ಟ ಕಾರು ಅದು. ಹೀಗೆ ಬಿಟ್ಟರೆ ಪ್ರತಿ ಮಳೆಗಾಲಕ್ಕೂ ತುಕ್ಕು, ಪ್ರತಿ ಸೊಸೈಟಿ ಮೀಟಿಂಗ್‌ನಲ್ಲೂ ಜಗಳ. ಭಂಗಾರ್‌ವಾಲಾನಿಗೆ, ಅಂದರೆ ಗುಜರಿಯವನಿಗೆ, ಫೋನ್ ಮಾಡುವ ಮುನ್ನ ಇಷ್ಟು ತಿಳಿದಿರಲಿ.

● ಕಾರು ಕೊಟ್ಟು, ನಗದು ಎಣಿಸಿಕೊಂಡು, ಆರ್‌ಸಿ ಹೆಸರು ಬದಲಿಸದೆ ಸುಮ್ಮನಾದಿರಾ? ಕಾನೂನಿನ ಕಣ್ಣಲ್ಲಿ ಇನ್ನೂ ನೀವೇ ಮಾಲೀಕರು. ನವೀನ್ ಕುಮಾರ್ ಮತ್ತು ವಿಜಯ್ ಕುಮಾರ್ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದ್ದು ಇದನ್ನೇ: ಕಾರು ಕೈಯಿಂದ ಕೈಗೆ ದಾಟಿ ಹೋಗಿದ್ದರೂ ಅಪಘಾತದ ಪರಿಹಾರದ ಹೊಣೆ ಆರ್‌ಟಿಒ ದಾಖಲೆಯಲ್ಲಿ ಹೆಸರಿರುವವರದ್ದು. ಭಂಗಾರ್‌ವಾಲಾ ನಾಲ್ಕು ಸಾವಿರ ಹೆಚ್ಚಿಗೆ ಕೊಟ್ಟರೂ ಅದು ಈ ಭಯಕ್ಕೆ ಸಾಟಿಯಲ್ಲ.

● ಕಾರು ಪೂರ್ತಿ ನಾಶವಾದರೆ ಅಥವಾ ಇನ್ನೆಂದೂ ಓಡಿಸಲಾಗದ ಸ್ಥಿತಿಗೆ ಬಂದರೆ ಮಾಲೀಕರು 14 ದಿನಗಳೊಳಗೆ, ಇಲ್ಲವೇ ಆದಷ್ಟು ಬೇಗ, ಆರ್‌ಟಿಒಗೆ ತಿಳಿಸಬೇಕು. ಮೋಟಾರು ವಾಹನ ಕಾಯ್ದೆಯ 55ನೇ ಕಲಮು ಹೇಳುವುದು ಹಾಗೆ. ಪಾಲಿಸುವವರನ್ನು ದುರ್ಬೀನು ಹಾಕಿ ಹುಡುಕಬೇಕು!

● ಮಾನ್ಯತೆ ಪಡೆದ ವಾಹನ ಸ್ಕ್ರ್ಯಾಪ್ ಕೇಂದ್ರಗಳ ನಿಯಮ ಬಂದದ್ದು 2021ರಲ್ಲಿ. ಅಲ್ಲಿಗೆ ಕಾರು ಒಪ್ಪಿಸಿದರೆ ಹಣದ ಜೊತೆಗೆ ‘ಸರ್ಟಿಫಿಕೇಟ್ ಆಫ್ ಡೆಪಾಸಿಟ್’ ಎಂಬ ಕಾಗದ ಸಿಗುತ್ತದೆ. ಲಾಭದ ದೊಡ್ಡ ಪಾಲು ಕಬ್ಬಿಣದಲ್ಲಿಲ್ಲ, ಈ ಕಾಗದದಲ್ಲಿದೆ. ಲೆಕ್ಕ ನೋಡಿ. ಹೊಸ ಕಾರಿನ ಷೋರೂಂ ಬೆಲೆಯ ಶೇ 4ರಿಂದ 6ರಷ್ಟು ಹಣ ಹಳೆಯದಕ್ಕೆ ಸಿಗಬಹುದೆಂಬುದು ಕೇಂದ್ರದ ನೀತಿಯ ಅಂದಾಜು. 5 ಲಕ್ಷದ ಕಾರಾದರೆ 20ರಿಂದ 30 ಸಾವಿರ. ಇನ್ನು ಹೊಸ ಕಾರಿನ ತೆರಿಗೆಯಲ್ಲಿ ರಾಜ್ಯಗಳು ಶೇ 25ರವರೆಗೆ ರಿಯಾಯಿತಿ ಕೊಡಬಹುದು. ಮಹಾರಾಷ್ಟ್ರ ಸಂಪುಟ 2025ರ ಏಪ್ರಿಲ್‌ನಲ್ಲಿ ಒಪ್ಪಿದ್ದು ಶೇ 15. ಇಲ್ಲಿ 8 ಲಕ್ಷದ ಪೆಟ್ರೋಲ್ ಕಾರಿಗೆ ಶೇ 11ರ ಲೆಕ್ಕದಲ್ಲಿ 88,000 ರೂಪಾಯಿ ತೆರಿಗೆ. ಅದರಲ್ಲಿ 13,200 ಉಳಿತಾಯ. ವಾಹನದ ವಯಸ್ಸಿಗೆ ಷರತ್ತುಗಳಿವೆ, ಆರ್‌ಟಿಒದಲ್ಲಿ ಮೊದಲೇ ಕೇಳಿಕೊಳ್ಳಿ.

● ನಿಮಗೆ ಹೊಸ ಕಾರು ಬೇಡವೇ? ಆ ಸರ್ಟಿಫಿಕೇಟನ್ನು ಕಾರು ಕೊಳ್ಳುವ ಬೇರೆಯವರಿಗೆ ಆನ್‌ಲೈನ್‌ನಲ್ಲೇ ಮಾರಬಹುದು.

● 2024ರ ಆಗಸ್ಟ್‌ನಲ್ಲಿ ಹಲವು ಕಾರು ಕಂಪನಿಗಳು ಈ ಸರ್ಟಿಫಿಕೇಟ್ ತಂದವರಿಗೆ ಷೋರೂಂ ಬೆಲೆಯ ಶೇ 1.5 ಅಥವಾ 20,000 ರೂಪಾಯಿ, ಯಾವುದು ಕಡಿಮೆಯೋ ಅಷ್ಟು ರಿಯಾಯಿತಿ ಕೊಡಲು ಒಪ್ಪಿದ್ದವು. ಅದು ಸೀಮಿತ ಅವಧಿಯ ಯೋಜನೆ. ಆದರೂ ಷೋರೂಂನಲ್ಲಿ ಬಾಯಿಬಿಟ್ಟು ಕೇಳಿ. ಕೇಳದವರಿಗೆ ಯಾರೂ ಕರೆದು ಕೊಡುವುದಿಲ್ಲ.

● 15 ವರ್ಷದ ಕಾರಿನ ಮರುನೋಂದಣಿ ಶುಲ್ಕ 2022ರ ಏಪ್ರಿಲ್ 1ರಂದು 600ರಿಂದ 5,000 ರೂಪಾಯಿಗೆ ಏರಿತು. 20 ವರ್ಷ ದಾಟಿದ ಕಾರಿಗೆ 2025ರಿಂದ 10,000. ಇದರ ಮೇಲೆ ಪರಿಸರ ತೆರಿಗೆ ಬೇರೆ. ರಿಪೇರಿಯ ಲೆಕ್ಕ ಹಾಕುವಾಗ ಇವನ್ನೂ ಕೂಡಿಸಿ.

● ಮುಂಬಯಿಯೂ ಸೇರಿ ನಾಲ್ಕು ಮಹಾನಗರಗಳಲ್ಲಿ ಹೊಸ ಪೆಟ್ರೋಲ್ ಕಾರುಗಳಿಗೆ ಕ್ಯಾಟಲಿಟಿಕ್ ಕನ್ವರ್ಟರ್ ಕಡ್ಡಾಯವಾದದ್ದು 1995ರ ಏಪ್ರಿಲ್ 1ರಿಂದ. ಎಂಜಿನ್ ಮತ್ತು ಸೈಲೆನ್ಸರ್ ನಡುವೆ ಕೂತ ಈ ಡಬ್ಬಿಯೊಳಗೆ ಜೇನುಗೂಡಿನಂಥ ಕಂಡಿಗಳು, ಅವುಗಳ ಮೇಲೆ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಎಂಬ ದುಬಾರಿ ಲೋಹಗಳ ಲೇಪ. “ಹಳೇ ಸೈಲೆನ್ಸರ್, ಬಿಚ್ಚಿಕೊಂಡು ಹೋಗ್ತೀನಿ” ಎನ್ನುವವನು ದಾನ ಕೇಳುತ್ತಿಲ್ಲ, ವ್ಯಾಪಾರ ಮಾಡುತ್ತಿದ್ದಾನೆ.

● ಮಾರುತಿ 800ರ ತೂಕ ಸುಮಾರು 650 ಕಿಲೋ. ಅಷ್ಟೂ ಕಬ್ಬಿಣವಲ್ಲ, ಗಾಜು, ರಬ್ಬರು, ಸೀಟಿನ ಸ್ಪಂಜೂ ಅದರಲ್ಲಿ ಸೇರಿವೆ. ಕಿಲೋ ಲೆಕ್ಕದಲ್ಲಿ ದರ ಹೇಳಿದರೆ ಯಾವುದರ ಕಿಲೋ ಎಂದು ಕೇಳಿ. ಎರಡು ಮೂರು ಕಡೆ ವಿಚಾರಿಸಿ. ಟೋ ಮಾಡಿಸುವ ಖರ್ಚು ಯಾರದ್ದೆಂದು ಮೊದಲೇ ಮಾತಾಡಿ. ಮಲಾಡ್‌ನಿಂದ ಊರಾಚೆಯ ಕೇಂದ್ರಕ್ಕೆ ಎಳೆಸುವಷ್ಟರಲ್ಲಿ ಬಂದ ಲಾಭ ಕರಗೀತು.

● 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ ಸುರಿದದ್ದು 944 ಮಿಲಿಮೀಟರ್ ಮಳೆ. ಅಂದು ನೀರಲ್ಲಿ ಮುಳುಗಿದ ಕಾರುಗಳಿಗೆ ಲೆಕ್ಕವಿಲ್ಲ. ಮಲಾಡ್ ಸಬ್‌ವೇ ಈಗಲೂ ಮಳೆಗೆ ಮುಳುಗುತ್ತದೆ. ನೀರಲ್ಲಿ ನಿಂತ ಕಾರಿಗೆ ಕೀಲಿ ತಿರುಗಿಸಬೇಡಿ. ಎಂಜಿನ್ನಿನೊಳಗೆ ಹೋದ ನೀರು ಒತ್ತಿದರೂ ಕುಗ್ಗುವುದಿಲ್ಲ. ಪಿಸ್ಟನ್ ಬಡಿದು ಕನೆಕ್ಟಿಂಗ್ ರಾಡ್ ಬಾಗುತ್ತದೆ. ಎಂಜಿನ್ ರಕ್ಷಣೆಯ ಆಡ್-ಆನ್ ಇಲ್ಲದಿದ್ದರೆ ವಿಮೆಯವರು ಆ ಖರ್ಚನ್ನು ಸಾಮಾನ್ಯವಾಗಿ ಒಪ್ಪುವುದಿಲ್ಲ.

● ರಿಪೇರಿ ವೆಚ್ಚ ವಿಮೆಯಲ್ಲಿ ನಮೂದಿಸಿದ ಬೆಲೆಯ, ಅಂದರೆ ಐಡಿವಿಯ, ಶೇ 75 ದಾಟಿದರೆ ಅದು ‘ಟೋಟಲ್ ಲಾಸ್’. ಆಗ ಪರಿಹಾರ ಸಿಗುವುದು ಐಡಿವಿಯ ಲೆಕ್ಕದಲ್ಲಿ. ಹಾಗಾಗಿ ಪ್ರೀಮಿಯಂ ಉಳಿಸಲು ಐಡಿವಿ ತಗ್ಗಿಸಿದವರಿಗೆ ಕೊನೆಗೆ ಸಿಗುವುದೂ ಕಡಿಮೆಯೇ.

● ನೋ ಕ್ಲೇಮ್ ಬೋನಸ್ ಕಾರಿನದ್ದಲ್ಲ, ನಿಮ್ಮದು. ಕಾರು ಹೋದ ಮೇಲೆ ಪತ್ರ ಪಡೆದಿಟ್ಟುಕೊಂಡರೆ ಮೂರು ವರ್ಷದೊಳಗೆ ಹೊಸ ಕಾರಿಗೆ ಬಳಸಬಹುದು. ಶೇ 50ರವರೆಗೆ ಇರುವ ಈ ರಿಯಾಯಿತಿಯನ್ನು ಜನ ಸುಮ್ಮನೆ ಬಿಟ್ಟುಬಿಡುತ್ತಾರೆ.

● “ಊರಿಗೆ ಕಳಿಸಿಬಿಡೋಣ, ಮಾವನಿಗೆ ಪೇಟೆಗೆ ಹೋಗಿಬರಲು ಆಗುತ್ತೆ.” ನಮ್ಮ ಉಡುಪಿ ಕಡೆಯ ಮನೆಗಳಲ್ಲಿ ಕೇಳಿಬರುವ ಮಾತು. ಎಂಎಚ್-02 ಕಾರು ಕರ್ನಾಟಕದಲ್ಲಿ 12 ತಿಂಗಳು ಮೀರಿ ಇದ್ದರೆ ಅಲ್ಲಿಯ ನಂಬರ್ ಪಡೆಯಬೇಕು: ಎನ್‌ಒಸಿ, ಅಲ್ಲಿಯ ತೆರಿಗೆ, ಓಡಾಟ. ಮಾವನಿಗೆ ರಿಕ್ಷಾ ಬಾಡಿಗೆ ಕೊಟ್ಟರೇ ಅಗ್ಗ.

● ಕುರ್ಲಾದಲ್ಲಿ ತಯಾರಾಗುತ್ತಿದ್ದ ಪ್ರೀಮಿಯರ್ ಪದ್ಮಿನಿಯ ಕೊನೆಯ ಟ್ಯಾಕ್ಸಿ ತಾರ್ದೇವ್ ಆರ್‌ಟಿಒದಲ್ಲಿ ನೋಂದಣಿಯಾದದ್ದು 2003ರ ಅಕ್ಟೋಬರ್ 29ರಂದು. ಟ್ಯಾಕ್ಸಿಗೆ 20 ವರ್ಷದ ಮಿತಿ, ಆದ್ದರಿಂದ 2023ರಲ್ಲಿ ಆಟ ಮುಗಿಯಿತು. ಆದರೆ ಅಜ್ಜನ ಕಾಲದ ಸ್ವಂತ ಫಿಯೆಟ್ ಮೂಲ ರೂಪದಲ್ಲೇ ಉಳಿದು 50 ವರ್ಷ ದಾಟಿದ್ದರೆ ಗುಜರಿಯ ಮಾತೇ ಬೇಡ. 2021ರ ನಿಯಮದಂತೆ 20,000 ರೂಪಾಯಿ ಕಟ್ಟಿ ‘ವಿಂಟೇಜ್’ ಎಂದು ನೋಂದಾಯಿಸಬಹುದು.

● ಸ್ಕ್ರ್ಯಾಪ್ ಕೇಂದ್ರದಲ್ಲಿ ಚಾಸಿ ನಂಬರ್ ಇರುವ ತುಂಡನ್ನು ಕತ್ತರಿಸಿ ಆರು ತಿಂಗಳು ಜೋಪಾನವಾಗಿಡುತ್ತಾರೆ. ಕದ್ದ ಕಾರಿಗೆ ಸತ್ತ ಕಾರಿನ ನಂಬರ್ ಅಂಟಿಸುವ ದಂಧೆಗೆ ಇದು ತಡೆ.

● ಕಾರು ಹೊರಡುವ ದಿನವೇ ಫಾಸ್ಟ್ಯಾಗ್ ಮುಚ್ಚಿಸಿ. ಅದರಲ್ಲಿರುವ ಠೇವಣಿಯೂ ವಾಪಸ್ ಬರುತ್ತದೆ.