ಹಳ್ಳ ಎಂದರೆ ಬರೀ ನೀರಲ್ಲ

'ಹನಿ ಹನಿ ಕೂಡಿದರೆ ಹಳ್ಳ, ತೆನೆ ತೆನೆ ಕೂಡಿದರೆ ಬಳ್ಳ' ಎಂಬ ಗಾದೆಯನ್ನು ನೀವೂ ಮಕ್ಕಳಿಗೆ ಹೇಳಿರುತ್ತೀರಿ. ಇಲ್ಲಿ ಹಳ್ಳವೆಂದರೆ ಸಣ್ಣ ತೊರೆ. ಆದರೆ ಬೆಂಗಳೂರಿನ ಕಡೆ ರಸ್ತೆಯ ಗುಂಡಿಯೂ ಹಳ್ಳವೇ. ಮೋಸಹೋದವನು 'ಹಳ್ಳಕ್ಕೆ ಬಿದ್ದ', ಕೆಟ್ಟ ಕೆಲಸ 'ಹಳ್ಳ ಹಿಡಿಯಿತು' ಎನ್ನುತ್ತೇವೆ. ಒಂದೇ ಪದಕ್ಕೆ ನೀರು, ಗುಂಡಿ ಎರಡೂ ಅರ್ಥ ಬಂದದ್ದು ಹೇಗೆ?

ಹಳಗನ್ನಡದಲ್ಲಿ ಇದು 'ಪಳ್ಳ'. ಪಾಲು ಹಾಲಾದಂತೆ, ಪಲ್ಲು ಹಲ್ಲಾದಂತೆ ಪಳ್ಳ ಹಳ್ಳವಾಯಿತು. ತಮಿಳು, ಮಲಯಾಳಗಳ 'ಪಳ್ಳಂ', ತೆಲುಗಿನ 'ಪಲ್ಲಮು' ಇದರ ಒಡಹುಟ್ಟುಗಳು. ಅಲ್ಲೆಲ್ಲ ಅರ್ಥ ತಗ್ಗು ನೆಲ. ಅಂದರೆ ಮೊದಲು ತಗ್ಗು, ಆಮೇಲೆ ಅದರಲ್ಲಿ ಹರಿಯುವ ನೀರು.

ಇದನ್ನು ಮರೆತೇ ನಾವು ಬೇಸಿಗೆಯಲ್ಲಿ ಒಣಗಿದ ಹಳ್ಳಕ್ಕೆ ಕಸ ಸುರಿಯುತ್ತೇವೆ, ಅಂಚನ್ನು ಒತ್ತಿ ಮನೆ ಕಟ್ಟುತ್ತೇವೆ. ಧಾರವಾಡ, ಗದಗ ಸೀಮೆಯಲ್ಲಿ ಹರಿದು ಮಲಪ್ರಭೆ ಸೇರುವ ಬೆಣ್ಣೆಹಳ್ಳ ಹೆಸರಿಗಷ್ಟೇ ಹಳ್ಳ. 2009ರಲ್ಲೂ 2019ರಲ್ಲೂ ಅದು ಉಕ್ಕಿ ಹೊಲಗಳಿಗೆ, ಊರುಗಳಿಗೆ ನುಗ್ಗಿತು. ನೀರು ಬತ್ತಿದರೂ ತಗ್ಗು ನೀರಿನದೇ.

ಮಕ್ಕಳಿಗೆ ಗಾದೆ ಕಲಿಸುವಾಗ ಈ ಅರ್ಥವನ್ನೂ ಹೇಳಿಕೊಡಿ. ಮಳೆಗಾಲದಲ್ಲಿ 'ಮೊಣಕಾಲುದ್ದ ನೀರು ತಾನೇ' ಎಂದು ಅವರನ್ನು ಹಳ್ಳ ದಾಟಲು ಬಿಡಬೇಡಿ. ಮೇಲೆ ಕಾಣುವುದು ನೀರು ಮಾತ್ರ, ಕೆಳಗಿರುವುದು ತಗ್ಗು.