ಮರಿ ಫಿರಂಗಿ ಗುಜರಿಗೆ ಹಾಕೀರಿ, ಜೋಕೆ!

ಶಿವಮೊಗ್ಗ: ಪಾಯ ಅಗೆಯುವಾಗಲೋ ಹಾಳು ಬಾವಿಯ ಹೂಳೆತ್ತುವಾಗಲೋ ಮೊಳದುದ್ದದ ಕಬ್ಬಿಣದ ಕೊಳವೆ ಸಿಕ್ಕರೆ ಜನ ಏನು ಮಾಡುತ್ತಾರೆ? "ತುಕ್ಕು ಹಿಡಿದ ಪೈಪು ಕಣಯ್ಯಾ" ಅಂತ ಗುಜರಿ ತಕ್ಕಡಿಗೆ ಹಾಕುತ್ತಾರೆ. ಇಲ್ಲವೇ "ಟಿಪ್ಪು ಫಿರಂಗಿ" ಎಂದು ಸಾರುತ್ತಾರೆ. ಎರಡೂ ತಪ್ಪಾದೀತು.

ಇದಕ್ಕೆ ಜಿಲ್ಲೆಯಲ್ಲೇ ಪಾಠವಿದೆ. ಹೊಸನಗರ ತಾಲ್ಲೂಕಿನ ನಗರದಲ್ಲಿ 2002ರಲ್ಲಿ ಹಾಳು ಬಾವಿಯಿಂದ ನೂರಕ್ಕೂ ಹೆಚ್ಚು ಕಬ್ಬಿಣದ ಕೊಳವೆ ಬಂದವು. ಅವು ಟಿಪ್ಪು ಕಾಲದ ರಾಕೆಟ್ಟುಗಳೆಂದು ಗೊತ್ತಾದದ್ದು 2013ರಲ್ಲಿ! 2018ರಲ್ಲಿ ಮತ್ತೆ ಅಗೆದಾಗ ಇನ್ನೂ ಸಾವಿರಕ್ಕೂ ಹೆಚ್ಚು ಸಿಕ್ಕವು. ಮೊದಲ ಕಂತು ಗುಜರಿಗೆ ಹೋಗಿದ್ದರೆ?

ಗುರುತು ಹೇಗೆ?

ಮೊದಲು ಗೋಡೆ ನೋಡಿ. ರಾಕೆಟ್ಟಿನದು ತೆಳು ತಗಡು. ಫಿರಂಗಿಯದು ದಪ್ಪ, ಮದ್ದು ತುಂಬುವ ಹಿಂಬದಿಯಲ್ಲಿ ಇನ್ನೂ ದಪ್ಪ. ಅಲ್ಲೇ ಕಿಡಿ ಮುಟ್ಟಿಸುವ ಸಣ್ಣ ತೂತೂ ಇರುತ್ತದೆ.

ನಡುವೆ ಅಕ್ಕಪಕ್ಕ ಎರಡು ಗೂಟ ಚಾಚಿದ್ದರೆ ಗಾಡಿಯ ಮೇಲೆ ಕೂರಿಸುವ ತೋಪು. ಆ ಗೂಟಗಳನ್ನು ಹಿಡಿದ ಕವಲುಗೋಲು ಇದ್ದರೆ ಕೋಟೆಗೋಡೆ, ದೋಣಿ ಅಥವಾ ಒಂಟೆಯ ಬೆನ್ನ ಮೇಲೆ ತಿರುಗಿಸಿ ಹೊಡೆಯುವಂಥದ್ದು. ಗೂಟವೇ ಇಲ್ಲ, ತಳ ಚಪ್ಪಟೆ, ನೆಟ್ಟಗೆ ನಿಲ್ಲುತ್ತದೆ ಅಂದರೆ ಅದು ಯುದ್ಧದ್ದಲ್ಲ. ಕರಾವಳಿಯಲ್ಲಿ ಉತ್ಸವಕ್ಕೆ ಸಿಡಿಸುವ ಕದಿನದ ಜಾತಿ. ಫಿರಂಗಿ ಅಂದರೆ ಕೊಲ್ಲುವುದೇ ಅಲ್ಲ. ಮೈಸೂರು ದಸರೆಯಲ್ಲಿ 7 ಫಿರಂಗಿಗಳಿಂದ 21 ಕುಶಾಲತೋಪು ಹಾರಿಸುವುದಿಲ್ಲವೇ?

ಯಾರು ಮಾಡಿದ್ದು?

ಹೆಸರು ಫಿರಂಗಿಯಾದ ಮಾತ್ರಕ್ಕೆ ಎಲ್ಲವೂ ಪರಂಗಿಯವರದ್ದಲ್ಲ. ಕಬ್ಬಿಣದ ಪಟ್ಟಿ ಜೋಡಿಸಿ, ಗಾಡಿ ಚಕ್ರಕ್ಕೆ ಪಟ್ಟಾ ಹಾಕಿದ ಹಾಗೆ ಕಾದ ಬಳೆ ತೊಡಿಸಿದ್ದರೆ ಕಮ್ಮಾರನ ಕುಲುಮೆ ಕೆಲಸ. ಎರಕ ಹೊಯ್ದದ್ದಾದರೆ ಬಹುಮಟ್ಟಿಗೆ ಹಡಗಿನಲ್ಲಿ ಬಂದದ್ದು. ಕಿರೀಟದ ಕೆಳಗೆ 'ಜಿ ಆರ್' ಇದ್ದರೆ ಜಾರ್ಜ್ ದೊರೆಯದು. ದೊಡ್ಡ 'ವಿ' ಅಕ್ಷರಕ್ಕೆ 'ಓ', 'ಸಿ' ಹೆಣೆದಿದ್ದರೆ ಡಚ್ ಕಂಪನಿಯದು.

ಅಂಗಡಿಯವರಿಗೆ ಇನ್ನೊಂದು ಮೋಜಿನ ಲೆಕ್ಕ. ಇಂಗ್ಲಿಷ್ ತೋಪಿನ ಮೇಲೆ 1-2-10 ಅಂತ ಮೂರು ಅಂಕಿ ಕೆತ್ತಿದ್ದರೆ ಅದು ಇಸವಿಯಲ್ಲ, ತೂಕ! ಮೊದಲನೆಯದು 112 ಪೌಂಡಿನ ಲೆಕ್ಕ, ಎರಡನೆಯದು 28ರ ಲೆಕ್ಕ, ಮೂರನೆಯದು ಬಿಡಿ ಪೌಂಡು. ಒಟ್ಟು 178 ಪೌಂಡು, ಸುಮಾರು 81 ಕಿಲೋ.

ಸುತ್ತಿಗೆ, ಬೆಂಕಿ ಬೇಡ

ತಂತಿ ಬ್ರಷ್ಷಿನಲ್ಲಿ ತಿಕ್ಕಿದರೆ ತುಕ್ಕಿನ ಜೊತೆ ಈ ಗುರುತೆಲ್ಲ ಹೋಗುತ್ತದೆ. ಹೋದ ಮೇಲೆ ಯಾವ ಪಂಡಿತರೂ ಊರು ಹೇಳಲಾರರು. ಒಳಗೆ ಹಳೇ ಮದ್ದು ಉಳಿದಿದ್ದರೆ ಗ್ಯಾಸ್ ಕಟರ್ ಹಿಡಿದವನ ಗತಿ ಏನು? ನಗರದ ರಾಕೆಟ್ಟುಗಳಲ್ಲೂ ಮದ್ದು ಇತ್ತು.

ನೂರು ವರ್ಷ ದಾಟಿದ ಇಂಥ ವಸ್ತು 1972ರ ಪುರಾವಸ್ತು ಕಾಯ್ದೆಗೆ ಒಳಪಡುತ್ತದೆ. ಪರವಾನಗಿ ಇಲ್ಲದೆ ವ್ಯಾಪಾರ ಮಾಡುವಂತಿಲ್ಲ. ಸಿಕ್ಕವರು ಇದ್ದಲ್ಲೇ ಬಿಟ್ಟು ತಹಸೀಲ್ದಾರರಿಗೋ ಪೊಲೀಸರಿಗೋ ತಿಳಿಸುವುದು ಲೇಸು. ತಿಳಿಸಿದ ಮೇಲೆ ಅದು ಕಚೇರಿ ಮೂಲೆಯಲ್ಲಿ ಬಾಗಿಲಿಗೆ ಆನಿಕೆಯಾಗದಂತೆ ನೋಡಿಕೊಳ್ಳುವುದು ಅಧಿಕಾರಿಗಳ ಹೊಣೆ. ಗುಜರಿಯಲ್ಲಿ ಕಿಲೋಗೆ ಸಿಗುವ ಪುಡಿಗಾಸಿಗೆ ಊರಿನ ಚರಿತ್ರೆ ಕರಗಬೇಕೇ?