ಸಿಇಟಿಯ ಹೊರನಾಡ ಬಾಗಿಲು

ಕರ್ನಾಟಕದ ಸಿಇಟಿಯಲ್ಲಿ ಹೊರನಾಡು, ಗಡಿನಾಡು ಕನ್ನಡಿಗರ ಮಕ್ಕಳಿಗೂ ಷರತ್ತಿನ ಮೇಲೆ ಅವಕಾಶವಿದೆ ಎಂಬುದು ಮುಂಬಯಿ, ಪುಣೆಯ ನಮ್ಮ ಎಷ್ಟು ಮನೆಗಳಿಗೆ ಗೊತ್ತು? ಪ್ರವೇಶ ಪರೀಕ್ಷೆಯ ಜತೆ ಕನ್ನಡ ಭಾಷಾ ಪರೀಕ್ಷೆಯಲ್ಲೂ ತೇರ್ಗಡೆಯಾಗಬೇಕು. ತೊಡಕಿರುವುದು ಇಲ್ಲೇ. ಮನೆಯಲ್ಲಿ ಅರಳು ಹುರಿದಂತೆ ಕನ್ನಡ ಮಾತಾಡುವ ಹುಡುಗಿಗೆ ಒತ್ತಕ್ಷರ ಬರೆಯಲು ಬಾರದು. ಶಾಲೆಯಲ್ಲಿ ಕಲಿತದ್ದು ಇಂಗ್ಲಿಷ್, ಹಿಂದಿ, ಮರಾಠಿ. ಸಂಘದ ಒಡನಾಟವಿರುವ ಮನೆಯವರು ಎಂಟನೇ ತರಗತಿಯಿಂದಲೇ ಮಕ್ಕಳಿಗೆ ಅಕ್ಷರ ತಿದ್ದಿಸುತ್ತಾರೆ. ಹೋಟೆಲಿನಲ್ಲಿ ದುಡಿಯುವ ತಂದೆಗೆ ಸುದ್ದಿ ಮುಟ್ಟುವಾಗ ಅರ್ಜಿಯ ದಿನ ಮುಗಿದಿರುತ್ತದೆ. (ತಾವು ಯಾವ ಕಲಮಿನಡಿ ಬರುತ್ತೇವೆಂದು ತಿಳಿಯುವುದೇ ಬೇರೊಂದು ಪರೀಕ್ಷೆ!) ರಾಜ್ಯೋತ್ಸವದ ಶಾಮಿಯಾನದ ಮೂಲೆಯಲ್ಲಿ ಒಂದು ಮೇಜು ಹಾಕಿ, ಹೈಸ್ಕೂಲು ಮಕ್ಕಳಿಗೂ ಹೆತ್ತವರಿಗೂ ನಮ್ಮ ಸಂಘಗಳು ಇದನ್ನು ಬಿಡಿಸಿ ಹೇಳಬಾರದೇ? ಊಟದ ಸಾಲು ಹೇಗೂ ಅದೇ ದಾರಿಯಲ್ಲಿ ನಿಲ್ಲುತ್ತದೆ.